ಉತ್ತರ ಸರಿ ಇತ್ತು, ಅಂಕ ಬರಲಿಲ್ಲ

ಪ್ರೀತಿಯ ಗೆಳೆಯಾ,

ಚಿಕ್ಕಮಗಳೂರಿನಲ್ಲಿ ಮಳೆ ಹಿಡಿದಿದೆಯಂತೆ. ಹಾಸನದಲ್ಲಿ ಬರೀ ಮೋಡ. ಕ್ಯಾಲ್ಕುಲಸ್‌ನ ದೊಡ್ಡ ಪ್ರಶ್ನೆಗಳಿಗೆ ಹೇಗೆ ಓದೋದು ಅಂತ ಕೇಳಿದ್ದೆಯಲ್ಲ, ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ. ಅದಕ್ಕೇ ಈ ಪತ್ರ.

ಮೊನ್ನೆ ಇಂಟರ್ನಲ್ಸ್‌ನಲ್ಲಿ ನನಗೆ ಹತ್ತಕ್ಕೆ ನಾಲ್ಕು. ಉತ್ತರ ಸರಿಯಾಗೇ ಇತ್ತು ಮಾರಾಯಾ! ಮೇಷ್ಟ್ರು ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ‘ಯಾಕೆ?’ ಅಂತ ಬರೆದಿದ್ದರು, ಅಷ್ಟೇ. ಎರಡು ದಿನ ಸಿಟ್ಟಿನಲ್ಲಿದ್ದೆ. ಆಮೇಲೆ ಅಮೆರಿಕದ ಎಪಿ ಕ್ಯಾಲ್ಕುಲಸ್ ಬಿಸಿ (ಹೈಸ್ಕೂಲ್ ಹುಡುಗರು ಬರೆಯೋ ಕಾಲೇಜು ಮಟ್ಟದ ಗಣಿತ) ಪರೀಕ್ಷೆಯ ಹಳೇ ಪ್ರಶ್ನೆಗಳನ್ನು ಇಳಿಸಿಕೊಂಡೆ. ಯಾವ ಸಾಲಿಗೆ ಎಷ್ಟು ಅಂಕ ಅನ್ನೋದನ್ನೂ ಆ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನವರು ಜೊತೆಗೇ ಹಾಕಿದ್ದಾರೆ, ಪುಕ್ಕಟೆ. ಬರೆಯುವ ಭಾಗದಲ್ಲಿ 6 ಪ್ರಶ್ನೆ, ಒಂದೊಂದಕ್ಕೆ 9 ಅಂಕ, ಒಟ್ಟು 90 ನಿಮಿಷ. ಆ ಅಂಕದ ಲೆಕ್ಕದಲ್ಲಿ ಕಾರಣ ಬರೆದ ಸಾಲಿಗೂ ಅಂಕ ಇದ್ದದ್ದು ನೋಡಿದ ಮೇಲೆ ಮೇಷ್ಟ್ರ ‘ಯಾಕೆ?’ ಅರ್ಥವಾಯಿತು.

ನಮ್ಮ ಬೇಲೂರು ಬಸ್ಸನ್ನೇ ತಗೋ. ಇಲ್ಲಿಂದ ಬೇಲೂರಿಗೆ ಸುಮಾರು 40 ಕಿಲೋಮೀಟರ್. ಸರಿಯಾಗಿ 40 ಅಂತಲೇ ಇಟ್ಟುಕೋ, ಒಂದು ಗಂಟೆಯಲ್ಲಿ ಹೋಯಿತು ಅಂದುಕೋ. ದಾರಿಯಲ್ಲಿ ಯಾವುದೋ ಒಂದು ಕ್ಷಣ ಅದರ ವೇಗ ಗಂಟೆಗೆ 40 ಇರಲೇಬೇಕು. ಸರಾಸರಿ ವೇಗ ಯಾವುದೋ ಒಂದು ಕ್ಷಣದ ನಿಜವಾದ ವೇಗವೂ ಆಗಿರುತ್ತದೆ ಅನ್ನೋ ಮೀನ್ ವ್ಯಾಲ್ಯೂ ಥಿಯರಮ್, ಗೊತ್ತಲ್ಲ. ಇಂಟರ್ನಲ್ಸ್‌ನಲ್ಲಿ ನಾನು ಆ ಹೆಸರು ಗೀಚಿ, ಉತ್ತರದ ಕೆಳಗೆ ಎರಡು ಗೆರೆ ಎಳೆದು ಬಂದಿದ್ದೆ. ಬರೆಯಬೇಕಿದ್ದದ್ದು ಅದಕ್ಕೆ ಮುಂಚಿನ ಸಾಲು: ದೂರದ ಫಂಕ್ಷನ್ ಆ ಒಂದು ಗಂಟೆಯುದ್ದಕ್ಕೂ ಕಂಟಿನ್ಯೂಯಸ್ (ಎಲ್ಲೂ ಕಡಿದುಹೋಗಿಲ್ಲ), ತುದಿಗಳನ್ನು ಬಿಟ್ಟು ಒಳಗೆಲ್ಲ ಡಿಫರೆನ್ಷಿಯಬಲ್ (ಪ್ರತಿ ಕ್ಷಣಕ್ಕೂ ಒಂದು ವೇಗ ಇದೆ). ಬಸ್ಸು ದಾರಿ ಮಧ್ಯದ ಹಗರೆಯಲ್ಲಿ ಮಾಯವಾಗಿ ಬೇಲೂರಿನಲ್ಲಿ ಪ್ರತ್ಯಕ್ಷವಾದರೆ ಥಿಯರಮ್ ಕೈಕೊಡುತ್ತದೆ. ಆ ಸಾಲಿಲ್ಲದೆ ಥಿಯರಮ್ ಹೆಸರು ಹೇಳೋದು ಟಿಕೆಟ್ ಇಲ್ಲದೆ ಸೀಟು ಹಿಡಿದ ಹಾಗೆ.

ಸೀರೀಸ್‌ನಲ್ಲೂ, ಅಂದರೆ ಮುಗಿಯದೆ ಕೂಡಿಸುತ್ತಾ ಹೋಗುವ ಲೆಕ್ಕದಲ್ಲೂ, ಇದೇ ಕಥೆ. ಎಕ್ಸ್, ಎಕ್ಸ್ ಸ್ಕ್ವೇರ್ ಬೈ 2, ಎಕ್ಸ್ ಕ್ಯೂಬ್ ಬೈ 3 ಅಂತ ಕೂಡಿಸುತ್ತಾ ಹೋಗುತ್ತೀಯ ಅಂದುಕೋ. ಪಕ್ಕಪಕ್ಕದ ಪದಗಳ ಅನುಪಾತ ನೋಡುವ ರೇಶಿಯೋ ಟೆಸ್ಟ್, ಎಕ್ಸ್ ಮೈನಸ್ 1ರಿಂದ 1ರ ಒಳಗಿದ್ದರೆ ಸೀರೀಸ್ ಕನ್ವರ್ಜ್ ಆಗುತ್ತದೆ (ಮೊತ್ತ ಒಂದು ಸಂಖ್ಯೆಗೆ ಬಂದು ನಿಲ್ಲುತ್ತದೆ), ಹೊರಗಿದ್ದರೆ ಇಲ್ಲ ಅನ್ನುತ್ತದೆ; ಸರಿಯಾಗಿ ತುದಿಗಳಲ್ಲಿ ಏನೂ ಹೇಳುವುದಿಲ್ಲ. ತುದಿಗಳನ್ನು ಬೇರೆಯಾಗಿ ಹಾಕಿ ನೋಡಬೇಕು. 1 ಹಾಕಿದರೆ ಹಾರ್ಮೋನಿಕ್ ಸೀರೀಸ್ (1, 1 ಬೈ 2, 1 ಬೈ 3 ಅಂತ ಕೂಡಿಸೋದು), ಕನ್ವರ್ಜ್ ಆಗುವುದಿಲ್ಲ. ಮೈನಸ್ 1 ಹಾಕಿದರೆ ಆಗುತ್ತದೆ. ಇಂಟಿಗ್ರೇಷನ್ ಕೊನೆಗೆ ಸೇರಿಸಬೇಕಾದ ಪ್ಲಸ್ ಸಿ ಮರೆಯೋ ವಿಷಯ ಬೇಡ ಬಿಡು, ಅದು ನಿನಗೆ ಹುಟ್ಟುಗುಣ.

ಈಗ ದಿನಾ ಸಂಜೆ ಒಂದೇ ಪ್ರಶ್ನೆ, ಗಡಿಯಾರ ಇಟ್ಟುಕೊಂಡು 15 ನಿಮಿಷ. ಆದರೆ ನನ್ನದನ್ನು ನಾನೇ ತಿದ್ದಿದರೆ ಕರುಣೆ ಜಾಸ್ತಿ ಆಗುತ್ತದೆ. ಭಾನುವಾರ ಬಂದುಬಿಡು, ಹೇಗೂ ಹಗರೆ ಮೇಲೇ ಬರಬೇಕಲ್ವಾ. ನಿನ್ನದನ್ನು ನಾನು ತಿದ್ದುತ್ತೇನೆ, ನನ್ನದನ್ನು ನೀನು ತಿದ್ದು. ಅಮ್ಮ ಅಕ್ಕಿ ರೊಟ್ಟಿ ಮಾಡುತ್ತಾರಂತೆ. ಕೆಂಪು ಪೆನ್ ಮಾತ್ರ ನೀನೇ ತಾ.

ನಿನ್ನ ಗೆಳೆಯ