ಕೆಳಮನೆ ಅಜ್ಜನ ಗೋಡೆಯ ಫೋಟೊ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮೊನ್ನೆ ಗೃಹಪ್ರವೇಶದ ದಿನ ಇಂದಿರಾ ಗಾಂಧಿ ವಿಷಯಕ್ಕೆ ಕೆಳಮನೆ ಅಜ್ಜನ ಹತ್ತಿರ ಜಗಳಕ್ಕೆ ನಿಂತೆಯಲ್ಲ, ಅದಕ್ಕೇ ಈ ಕಾಗದ. "ಸರ್ವಾಧಿಕಾರಿಯ ಫೋಟೊಕ್ಕೆ ಹೂವು ಮುಡಿಸ್ತೀರಾ?" ಅಂದೆ. ಅವರು ಎಲೆ ಮಡಚಿ ಎದ್ದು ಹೋದರು. ಪಾಯಸ ಇನ್ನೂ ಬಡಿಸಿರಲಿಲ್ಲ.

ನೀನು ಹೇಳಿದ್ದು ಸುಳ್ಳಲ್ಲ. 1975ರ ಜೂನ್ 12ಕ್ಕೆ ಅಲಹಾಬಾದ್ ಹೈಕೋರ್ಟು ಆಕೆಯ ರಾಯ್‌ಬರೇಲಿ ಗೆಲುವನ್ನು ರದ್ದು ಮಾಡಿತು. 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಸಂಸತ್ತಿನ ಸಮಿತಿ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಇಲ್ಲಿನ ಜೈಲು ಸೇರಿದರು. ಅದೇ ಜೈಲಿನಲ್ಲಿ ಆಸ್ತಮಾದಿಂದ ನರಳಿದ ನಟಿ ಸ್ನೇಹಲತಾ ರೆಡ್ಡಿ, ಹೊರಗೆ ಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಇದನ್ನೆಲ್ಲ ಯಾರಿಗೋಸ್ಕರವೂ ಮರೆಯಬೇಡ.

ಆದರೆ ಕೆಳಮನೆಯವರು ನಮ್ಮ ಒಕ್ಕಲಾಗಿದ್ದರು ಅಂತ ನಿನಗೆ ಯಾರಾದರೂ ಹೇಳಿದ್ದಾರಾ? ಸುಗ್ಗಿ ಮುಗಿದ ಮೇಲೆ ಗೇಣಿ ಭತ್ತ ನಮ್ಮ ಅಂಗಳಕ್ಕೆ ಬರುತ್ತಿತ್ತು. ಅವರು ಬಗ್ಗಿ ಕೊಳಗದಲ್ಲಿ ಅಳೆಯುವುದು, ನಿನ್ನ ಅಜ್ಜ ಜಗುಲಿಯ ಮೇಲೆ ಕೂತು ಲೆಕ್ಕ ಹಿಡಿಯುವುದು. ಮೊದಲನೇ ಕೊಳಗಕ್ಕೆ ಒಂದು ಅನ್ನುವ ಹಾಗಿಲ್ಲ, "ಲಾಭ" ಅನ್ನಬೇಕು. ಯಾರ ಲಾಭ ಅಂತ ನಾನೂ ಆಗ ಕೇಳಲಿಲ್ಲ. 1974ರಲ್ಲಿ ಗೇಣಿ ಜಮೀನು ಉಳುವವನಿಗೇ ಸೇರಬೇಕು ಅಂತ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂತು, ಕೆಳಮನೆಯವರು ಅದರ ಅರ್ಜಿ, ಫಾರಂ 7, ಕೊಟ್ಟರು, ಗದ್ದೆ ಅವರದಾಯಿತು. ಅಪ್ಪ ಸುಮಾರು ದಿನ ಆ ಕಡೆಯ ದಾರಿಯನ್ನೇ ತುಳಿಯಲಿಲ್ಲ.

ಕಾನೂನು ತಂದವರು ಆಗಿನ ಮುಖ್ಯಮಂತ್ರಿ ದೇವರಾಜ ಅರಸು, ಗೋಡೆ ಏರಿದ್ದು ಇಂದಿರಮ್ಮ. ರಾಜಕೀಯದಲ್ಲಿ ಹೀಗೇ. 1977ರಲ್ಲಿ ಉತ್ತರದವರು ಆಕೆಯನ್ನು ಗುಡಿಸಿ ಹಾಕಿದಾಗ, ಕರ್ನಾಟಕದ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ ಹೋದದ್ದು ಸುಮ್ಮನೆ ಅಂದುಕೊಂಡೆಯಾ?

ಮಾರನೇ ವರ್ಷ ಎಂಪಿ ಚಂದ್ರೇಗೌಡರು ಬಿಟ್ಟುಕೊಟ್ಟ ಚಿಕ್ಕಮಗಳೂರು ಸೀಟಿನ ಉಪಚುನಾವಣೆಗೆ ಆಕೆ ಬಂದರು. ನವೆಂಬರ್, ಕಾಫಿ ಹಣ್ಣಾಗುವ ಹೊತ್ತು. ನನ್ನ ಮೊದಲ ಓಟು. ಆಕೆಯ ಎದುರು ನಿಂತಿದ್ದ ವೀರೇಂದ್ರ ಪಾಟೀಲರಿಗೆ ಹಾಕಿದೆ. ಪ್ರಜಾಪ್ರಭುತ್ವ ಉಳಿಸಬೇಕು ಅಂತ ಎಲ್ಲರ ಹತ್ತಿರ ಹೇಳಿಕೊಂಡು ಓಡಾಡಿದೆ. ನಿಜ ಹೇಳಲಾ? ಗದ್ದೆ ಹೋದ ಸಿಟ್ಟು ಅದು. ಇಷ್ಟು ವರ್ಷ ಮನೆಯಲ್ಲೂ ಬಾಯಿಬಿಟ್ಟಿರಲಿಲ್ಲ. ಆಕೆ 70 ಸಾವಿರಕ್ಕೂ ಹೆಚ್ಚು ಓಟಿನಿಂದ ಗೆದ್ದರು. ತಮಾಷೆ ನೋಡು, 1980ರಲ್ಲಿ ಅದೇ ಪಾಟೀಲರು ಆಕೆಯ ಸಂಪುಟದಲ್ಲಿ ಮಂತ್ರಿ, ಅರಸು ಅಷ್ಟರಲ್ಲಿ ದೂರವಾಗಿದ್ದರು!

ಆಕೆಯ ಬಗ್ಗೆ ಅಮೃತಸರದವರನ್ನು ಕೇಳಿದರೆ ಸ್ವರ್ಣಮಂದಿರಕ್ಕೆ ಸೈನ್ಯ ನುಗ್ಗಿದ 1984ರ ಜೂನ್ ಹೇಳುತ್ತಾರೆ, ಢಾಕಾದವರು ಬಾಂಗ್ಲಾ ಬಿಡುಗಡೆಯಾದ 1971ರ ಡಿಸೆಂಬರ್. ನೀನು ಓದುವವನು, ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ತನಿಖೆ ಮಾಡಿದ ಶಾ ಆಯೋಗದ ವರದಿಯನ್ನೂ ಓದು. ಜತೆಗೆ, ನಿನಗೆ ಈಗ ಯಾವ ನಾಯಕನ ಮೇಲೆ ಅಷ್ಟೊಂದು ಪ್ರೀತಿಯೋ ದ್ವೇಷವೋ ಇದೆಯೋ, ಅದರಡಿ ನಮ್ಮ ಮನೆಯ ಯಾವ ಗದ್ದೆ ಇದೆ ಅಂತ ಒಮ್ಮೆ ಕೆದಕಿ ನೋಡು.

ದೀಪಾವಳಿಗೆ ಬಂದಾಗ ಕೆಳಮನೆಗೆ ಹೋಗಿ ಬಾ. ಭೂ ನ್ಯಾಯಮಂಡಳಿಯ ಆದೇಶವನ್ನು ಅವರು ಇನ್ನೂ ಟ್ರಂಕಿನಲ್ಲಿ ಇಟ್ಟಿದ್ದಾರೆ, ಕೇಳಿದರೆ ತೋರಿಸುತ್ತಾರೆ. ಬಲಗಿವಿ ಕೇಳುವುದಿಲ್ಲ, ಎಡಕ್ಕೆ ಕೂತು ಮಾತಾಡು.

ಇಂತಿ,
ನಿನ್ನ ದೊಡ್ಡಪ್ಪ