ಅಣ್ಣನ ಮಗಳಿಗೆ, ಬಯೋಡೇಟಾ ಕುರಿತು

ರಾಯಚೂರು

ಚಿರಂಜೀವಿ ಮಗಳೇ,

ನಿನ್ನ ಕಾಕಾ ಮಾಡುವ ಆಶೀರ್ವಾದಗಳು. ನೀನು ಕಳಿಸಿದ ಬಯೋಡೇಟಾವನ್ನು ಎರಡು ಸಲ ಓದಿದೆ. ‘ಅನುಭವ’ ಎಂಬ ತಲೆಬರಹದ ಕೆಳಗೆ ‘ಇಲ್ಲ’ ಎಂದು ಬರೆದಿದ್ದೀಯೆ. ಸಂಬಳ ಪಡೆದು ದುಡಿದದ್ದು ಮಾತ್ರ ಅನುಭವವೆಂದು ನಿನಗೆ ಯಾರು ಹೇಳಿದರು? ಆ ಸಾಲನ್ನು ಅಳಿಸಿ, ‘ಪ್ರಯೋಗಾಲಯದ ಕೆಲಸ’ ಎಂದು ಬರೆ.

ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನಲ್ಲಿ ದೇವದುರ್ಗದ ಕಡೆಯ ಕೊಳವೆಬಾವಿಗಳ ನೀರನ್ನು ತಂದು ಪರೀಕ್ಷಿಸಿದ್ದನ್ನು ‘ನೀರಿನ ಗುಣಮಟ್ಟದ ಪ್ರಾಜೆಕ್ಟ್’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀಯೆ. ನೀರಿನ ಗಡಸುತನ ಅಳೆಯಲು ಅಮೋನಿಯಾ ಬಫರ್ ಬೆರೆಸಿ ಪಿಎಚ್ 10ಕ್ಕೆ ತಂದು, ಬಣ್ಣ ಬದಲಿಸಿ ಸೂಚನೆ ಕೊಡುವ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಹಾಕಿ, ಬ್ಯುರೆಟ್‌ನಿಂದ ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ, ವೈನ್ ಕೆಂಪು ನೀಲಿಗೆ ತಿರುಗುವ ಆ ಒಂದು ಹನಿಗೆ ಕೈ ನಿಲ್ಲಿಸುವುದನ್ನು ಕಲಿತವಳು ನೀನು. ಒಂದು ಹನಿ ಹೆಚ್ಚಾಯಿತೆಂದು ಮತ್ತೆ ಮೊದಲಿನಿಂದ ಮಾಡಿದ ಕಥೆಯನ್ನು ಯುಗಾದಿಗೆ ಬಂದಾಗ ನೀನೇ ಹೇಳಿದ್ದೆ. ಎಷ್ಟು ಬಾವಿ, ಯಾವ ವಿಧಾನ, ಒಂದೊಂದು ಮಾದರಿಗೆ ಎಷ್ಟು ಸಲ, ಕಂಡದ್ದೇನು ಎಂಬುದನ್ನೆಲ್ಲ ಬರೆ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಬಾವಿಗಳು ಇಷ್ಟು ಎಂದು ಬರೆದರೆ, ಕುಡಿಯುವ ನೀರಿನ ಮಾನಕವಾದ ಐಎಸ್ 10500 ನಿನಗೆ ಗೊತ್ತೆಂಬುದು ಓದುವವರಿಗೆ ತಾನಾಗಿ ತಿಳಿಯುತ್ತದೆ.

ಮುಟ್ಟದ ಉಪಕರಣದ ಹೆಸರನ್ನು ಮಾತ್ರ ಸೇರಿಸಬೇಡ. ನಾನು ಮೊದಲ ಸಂದರ್ಶನಕ್ಕೆ ಹೋದಾಗ, ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ, ಒಮ್ಮೆ ದೂರದಿಂದ ನೋಡಿದ್ದ ಎಚ್‌ಪಿಎಲ್‌ಸಿಯನ್ನು ಬಲ್ಲೆನೆಂದು ಬರೆದುಕೊಂಡಿದ್ದೆ. ‘ಯಾವ ಕಾಲಂ ಬಳಸಿದಿರಿ?’ ಎಂದು ಅದರೊಳಗಿನ ಬೇರ್ಪಡಿಸುವ ಕೊಳವೆಯ ಬಗ್ಗೆ ಕೇಳಿದರು. ಬಾಯಿ ಕಟ್ಟಿಹೋಯಿತು. ನಿಜಕ್ಕೂ ಕೈ ಪಳಗಿದ್ದ, ಹನಿಹನಿಯಾಗಿ ಬಿಟ್ಟು ಅಳೆಯುವ ಟೈಟ್ರೇಷನ್ ಬಗ್ಗೆ ಆಮೇಲೆ ಅವರು ಕೇಳಲೇ ಇಲ್ಲ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಲ್ಯಾಬಿಗೂ ಇಲ್ಲಿನ ಕೃಷಿ ವಿಶ್ವವಿದ್ಯಾಲಯದ ಪ್ರಾಜೆಕ್ಟ್ ಸಹಾಯಕಿಯ ಕೆಲಸಕ್ಕೂ ಒಂದೇ ಪ್ರತಿ ಕಳಿಸಬೇಡ. ಮೊದಲಿನದಕ್ಕೆ ರಾಸಾಯನಿಕ ವಿಶ್ಲೇಷಣೆಯೂ ಎರಡನೆಯದಕ್ಕೆ ಹಳ್ಳಿಗಳಿಗೆ ಹೋಗಿ ಮಾದರಿ ಸಂಗ್ರಹಿಸಿದ್ದೂ ಮೇಲೆ ಬರಲಿ. ಹವ್ಯಾಸ, ‘ಶ್ರಮಜೀವಿ’ ಎಂಬಂಥ ಮಾತುಗಳು ಬೇಡ. ಒಂದು ಪುಟ ಸಾಕು. ನಿನ್ನ ಬಗ್ಗೆ ವಿಚಾರಿಸಬಹುದಾದವರೆಂದು ನಿನ್ನ ಗೈಡ್ ಅವರ ಹೆಸರು ಹಾಕುವ ಮೊದಲು ಅವರನ್ನು ಕೇಳು. ಕೇಳದೆ ಹಾಕಿದರೆ, ಫೋನ್ ಬಂದ ದಿನ ಅವರಿಗೂ ಇರುಸುಮುರುಸು.

ಬಾವಿಗಳ ಲೆಕ್ಕವನ್ನು ಊಹೆಯಿಂದ ಬರೆಯಬೇಡ. ನಿನ್ನ ಲ್ಯಾಬ್ ರೆಕಾರ್ಡ್ ನಮ್ಮ ಮನೆಯ ಅಟ್ಟದ ಮೇಲಿದೆ, ಭಾನುವಾರ ಬಂದು ಒಯ್ಯಿ.

ನಿನ್ನ ಕಾಕಾ