ಮಳೆಯಲ್ಲಿ ವಿಮಾನ ಧಡ್ ಅಂತ ಇಳಿದರೆ ಪೈಲಟ್‌ನ ಬೈಯಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರ ಪತ್ರ ಇತ್ತು. ಜೋರು ಮಳೆಯಲ್ಲಿ ಅವರ ವಿಮಾನ ಬೆಂಗಳೂರಿನಲ್ಲಿ ಧಡ್ ಅಂತ ಇಳಿಯಿತಂತೆ, ಸೊಂಟ ಹಿಡಿದುಕೊಂಡಿತಂತೆ, ಪೈಲಟ್‌ಗೆ ಸರಿಯಾದ ತರಬೇತಿಯೇ ಇಲ್ಲವಂತೆ. ಸೊಂಟದ ವಿಷಯಕ್ಕೆ ನಾನು ಬರುವುದಿಲ್ಲ. ಪೈಲಟ್ ಪರವಾಗಿ ಎರಡು ಮಾತು ಹೇಳಬೇಕು.

ನಾನು ಪೈಲಟ್ ಅಲ್ಲ, ಬಸ್ ಓಡಿಸಿ ರಿಟೈರ್ ಆದವನು. ಕೊನೆಯ ವರ್ಷಗಳಲ್ಲಿ ಮೆಜೆಸ್ಟಿಕ್‌ನಿಂದ ಏರ್‌ಪೋರ್ಟಿಗೆ ವಾಯು ವಜ್ರ ಓಡಿಸುತ್ತಿದ್ದೆ. ಈಗ ಮೊಮ್ಮಗನ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಅನ್ನುವ ವಿಮಾನ ಓಡಿಸುವ ಆಟ ಆಡುತ್ತೇನೆ. ಜಾಯ್‌ಸ್ಟಿಕ್ ಹಿಡಿದು ಏರ್‌ಬಸ್ ಎ320 ಪ್ರಯಾಣಿಕರ ವಿಮಾನ ಇಳಿಸುವುದೇ ಸಂಜೆಯ ಕೆಲಸ. ನಗುವವರು ನಗಲಿ, ನಮ್ಮ ಮನೆಯವರು ಆಗಲೇ ನಕ್ಕು ಮುಗಿಸಿದ್ದಾರೆ.

ಈ ಆಟದ ಹುಡುಗರಿಗೆ ಒಂದೇ ಹುಚ್ಚು, 'ಬಟರ್ ಲ್ಯಾಂಡಿಂಗ್'. ಚಕ್ರ ನೆಲ ಮುಟ್ಟಿದ್ದೇ ಗೊತ್ತಾಗಬಾರದು. ಮುಟ್ಟುವ ಕ್ಷಣದಲ್ಲಿ ವಿಮಾನ ನಿಮಿಷಕ್ಕೆ ಎಷ್ಟು ಅಡಿ ಇಳಿಯುತ್ತಿತ್ತು ಅಂತ ಲೆಕ್ಕ ನೋಡುತ್ತಾರೆ. ನೂರಕ್ಕಿಂತ ಕಡಿಮೆ ಬಂತೋ, ಮೊಮ್ಮಗ ಸ್ಕ್ರೀನ್‌ಶಾಟ್ ತೆಗೆದು ಗೆಳೆಯರಿಗೆಲ್ಲ ಕಳಿಸುತ್ತಾನೆ.

ಹಾಗೆ ಇಳಿಸೋದು ಸುಲಭವೇನಲ್ಲ. ರನ್‌ವೇ ಕಡೆಗೆ ಮೂರು ಡಿಗ್ರಿ ಇಳಿಜಾರಿನಲ್ಲಿ ಬರಬೇಕು. 140 ನಾಟ್, ಅಂದರೆ ಗಂಟೆಗೆ ಸುಮಾರು 260 ಕಿ.ಮೀ. ವೇಗವಿದ್ದರೆ ನಿಮಿಷಕ್ಕೆ ಸುಮಾರು 700 ಅಡಿ ಇಳಿತ. ರನ್‌ವೇ ಪಕ್ಕ ನಾಲ್ಕು ದೀಪ ಇರುತ್ತವೆ. ಎರಡು ಬಿಳಿ, ಎರಡು ಕೆಂಪು ಕಂಡರೆ ಸರಿ. ನಾಲ್ಕೂ ಕೆಂಪಾದರೆ ತೀರಾ ಕೆಳಗೆ ಬಂದಿದ್ದೀರಿ. ನೆಲಕ್ಕೆ 30 ಅಡಿ ಇರುವಾಗ ಮೂತಿಯನ್ನು ಒಂಚೂರು ಎತ್ತಬೇಕು, ಇದೇ ಫ್ಲೇರ್. 20 ಅಡಿಗೆ ವಿಮಾನವೇ 'ರಿಟಾರ್ಡ್, ರಿಟಾರ್ಡ್' ಅಂತ ಕೂಗುತ್ತದೆ, ಎಂಜಿನ್ ಲಿವರ್ ಪೂರ್ತಿ ಹಿಂದಕ್ಕೆ ಎಳೆಯಿರಿ ಅಂತ. ಕಣ್ಣು ಮಾತ್ರ ರನ್‌ವೇಯ ಆ ತುದಿಯಲ್ಲಿರಬೇಕು. ಸ್ಟಾಪಿನಲ್ಲಿ ಬಸ್ ಇನ್ನೇನು ನಿಲ್ಲಬೇಕು ಅನ್ನುವಾಗ ಬ್ರೇಕ್ ಪೆಡಲನ್ನು ಸ್ವಲ್ಪ ಸಡಿಲ ಬಿಡುತ್ತಿದ್ದೆವು, ನಿಂತ ಜನ ಮುಗ್ಗರಿಸದಿರಲಿ ಅಂತ. ಫ್ಲೇರ್ ಕೂಡ ಅಂಥದೇ ಸಣ್ಣ ಕೈಕೆಲಸ.

ಎಡವಟ್ಟಾಗುವುದು ಇಲ್ಲೇ. ಇನ್ನೂ ಮೆತ್ತಗೆ ಇಳಿಯಲಿ ಅಂತ ಮೂತಿ ಜಾಸ್ತಿ ಎತ್ತಿದರೆ ವಿಮಾನ ನೆಲ ಮುಟ್ಟುವುದೇ ಇಲ್ಲ, ತೇಲಿಕೊಂಡು ಹೋಗುತ್ತದೆ. 140 ನಾಟ್ ಅಂದರೆ ಸೆಕೆಂಡಿಗೆ 72 ಮೀಟರ್. ಐದು ಸೆಕೆಂಡ್ ತೇಲಿದರೆ 350 ಮೀಟರಿಗೂ ಜಾಸ್ತಿ ರನ್‌ವೇ ಖರ್ಚು. ಅದರ ಮೇಲೆ ನಮ್ಮ ದೇವನಹಳ್ಳಿ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರ. ಗಾಳಿ ತೆಳು. ವೇಗ ತೋರಿಸುವ ಮೀಟರಿನಲ್ಲಿ ಅದೇ 140 ನಾಟ್ ಕಂಡರೂ ನೆಲದ ಮೇಲಿನ ವೇಗ ಚೆನ್ನೈಗಿಂತ ಏಳೆಂಟು ನಾಟ್ ಜಾಸ್ತಿ. ನಿಲ್ಲಿಸೋಕೆ ಅಷ್ಟು ಜಾಸ್ತಿ ಜಾಗ ಬೇಕು ಅಲ್ವಾ?

ಮಳೆ ಬಂದರಂತೂ ಬೇರೆಯೇ ಕಥೆ. ಒದ್ದೆ ರನ್‌ವೇ ಮೇಲೆ ಮೆತ್ತಗೆ ಇಳಿಸಿದರೆ ಟೈರು ನೀರಿನ ಮೇಲೇ ಜಾರಬಹುದು, ಆಗ ಬ್ರೇಕ್ ಒತ್ತಿ ಏನು ಪ್ರಯೋಜನ? ಅದಕ್ಕೇ ಬೇಕೆಂದೇ ಗಟ್ಟಿಯಾಗಿ ಊರುತ್ತಾರೆ. ನೀರು ಸೀಳಿ ಟೈರು ನೆಲ ಕಚ್ಚಬೇಕು, ಚಕ್ರ ತಕ್ಷಣ ತಿರುಗಬೇಕು. ಚಕ್ರ ಊರಿದ ಕೂಡಲೇ ರೆಕ್ಕೆಯ ಮೇಲಿನ ಪಟ್ಟಿಗಳು ಪಟಪಟ ಅಂತ ಎದ್ದು ನಿಲ್ಲುತ್ತವೆ. ರೆಕ್ಕೆ ವಿಮಾನವನ್ನು ಮೇಲಕ್ಕೆ ಎತ್ತುವುದನ್ನು ತಡೆದು ಅದರ ಭಾರವನ್ನೆಲ್ಲ ಚಕ್ರದ ಮೇಲೆ ಹಾಕುವುದು ಅವೇ. ಪೈಲಟ್‌ಗೆ ತರಬೇತಿಯಲ್ಲಿ ಹೇಳಿಕೊಡುವುದೇ ಇದು. ಹಾಗಂತ ಗಟ್ಟಿಯಾಗಿ ಊರುವುದೇ ಬೇರೆ, ಕುಕ್ಕುವುದೇ ಬೇರೆ. ನಿಜವಾಗಿ ಕುಕ್ಕಿದರೆ ಎಂಜಿನಿಯರ್‌ಗಳು ಪರೀಕ್ಷೆ ಮಾಡದೆ ಆ ವಿಮಾನ ಮತ್ತೆ ಹಾರುವಂತಿಲ್ಲ.

2010ರ ಮೇ 22ರ ಮಂಗಳೂರು ದುರಂತ ನಮಗೆಲ್ಲ ನೆನಪಿದೆ. ಆ ವಿಮಾನ ಇಳಿಜಾರಿನ ದಾರಿಗಿಂತ ತುಂಬಾ ಎತ್ತರದಲ್ಲಿ ಬಂದಿತ್ತು. ಚಕ್ರ ನೆಲ ಮುಟ್ಟುವಷ್ಟರಲ್ಲಿ ಅರ್ಧಕ್ಕೂ ಹೆಚ್ಚು ರನ್‌ವೇ ಮುಗಿದಿತ್ತು. 158 ಜನ ಹೋದರು. ಅಲ್ಲಿ ಯಾರೂ ಬಟರ್ ಲ್ಯಾಂಡಿಂಗಿಗೆ ಹೊರಟಿರಲಿಲ್ಲ, ನಿಜ. ಆದರೆ ಎಷ್ಟು ಮೆತ್ತಗೆ ಇಳಿಯಿತು ಅನ್ನುವುದಕ್ಕಿಂತ ಎಲ್ಲಿ ಇಳಿಯಿತು ಅನ್ನುವುದು ಮುಖ್ಯ ಅಂತ ಹೇಳೋಕೆ ಬೇರೆ ಉದಾಹರಣೆ ಬೇಕಿಲ್ಲ.

ನಮ್ಮ ಮನೆಯ ಆಟದಲ್ಲಿ ಈಗ ರೂಲ್ಸ್ ಬದಲಾಗಿದೆ. ರನ್‌ವೇ ಶುರುವಾಗಿ ಸ್ವಲ್ಪ ದೂರದಲ್ಲಿ ಎರಡು ದಪ್ಪ ಬಿಳಿ ಪಟ್ಟಿ ಕಾಣುತ್ತವೆ. ಅವುಗಳ ಆಸುಪಾಸಿನಲ್ಲಿ ಚಕ್ರ ಊರಿದರೆ ಮಾತ್ರ ಪಾಯಿಂಟ್. ತೇಲಿಕೊಂಡು ಮುಂದೆ ಹೋದರೆ ಗೋ ಅರೌಂಡ್, ಮತ್ತೆ ಎಂಜಿನ್ ಏರಿಸಿ ಸುತ್ತು ಹಾಕಿಕೊಂಡು ಬರಬೇಕು. "ತಾತ, ಇದು ನಿಮ್ಮ ಡಿಪೋ ರೂಲ್ಸು" ಅಂತ ಮೊಮ್ಮಗ ಗೊಣಗುತ್ತಾನೆ. ಗೊಣಗಿಕೊಂಡೇ ಸುತ್ತು ಹಾಕುತ್ತಾನೆ.

ಇಂತಿ,
ಒಬ್ಬ ನಿವೃತ್ತ ಬಸ್ ಚಾಲಕ
ಯಲಹಂಕ, ಬೆಂಗಳೂರು